ಶಾಲಿಗೆ ಹೋದ ಹೊತ್ತು

ಜನವರಿ 11, ಭಾನುವಾರ

ಎರಡು ಕೈಗೆ ಎರಡು ವಾಚು. ಎಡಗೈಯದು ನಿಲ್ಲದೆ ಓಡುತ್ತದೆ. ಬಲಗೈಯದನ್ನು ಆಟ ನಿಂತಾಗೆಲ್ಲ ಒತ್ತುತ್ತೇನೆ, ಕದ್ದ ಹೊತ್ತೆಲ್ಲ ಅದರಲ್ಲಿ ಸೇರುತ್ತ ಹೋಗುತ್ತದೆ. ಕೊನೆಗೆ ಅಷ್ಟನ್ನೂ ಆಟಕ್ಕೆ ವಾಪಸ್ ಕೊಡುತ್ತೇನೆ. ರೆಫರಿಯ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಕದ್ದವರ ಕೈಯಿಂದ ಕಿತ್ತು ಕಳೆದುಕೊಂಡವರಿಗೆ ಕೊಡುವುದು ಬೇರೆ ಯಾವ ಕೆಲಸದಲ್ಲೂ ಇಷ್ಟು ಸಲೀಸಾಗಿ ಆಗುವುದಿಲ್ಲ.

ಇವತ್ತು ಫುಟ್‌ಬಾಲ್ ಟೂರ್ನಿಯ ಮೊದಲ ಲೀಗ್ ಪಂದ್ಯ, ಹಿರಿಯೂರು ಟೌನ್ ತಂಡಕ್ಕೂ ಹೊಳಲ್ಕೆರೆಗೂ. ಟೌನ್ ತಂಡವನ್ನು ಸಾಕುವವರು ಸಿಮೆಂಟ್ ಅಂಗಡಿಯ ಮುರುಗಪ್ಪ. ಟೂರ್ನಿಯ ಸಮಿತಿಗೂ ಅವರೇ ಅಧ್ಯಕ್ಷರು. ತಂಡ ಅವರದು, ಕಪ್ ಅವರದು, ಶಾಮಿಯಾನ ಅವರದು, ಮೈಕು ಅವರದು. ನಾನೊಬ್ಬಳು ಅವರವಳಲ್ಲ ಎಂದು ಮೊದಲ ದಿನವೇ ಬರೆದಿಡುತ್ತೇನೆ.

ಟೌನ್ ಒಂದು ಗೋಲು ಮುಂದಿತ್ತು. ಆಟ ಮುಗಿಯುವ ಹೊತ್ತಿಗೆ ಮುರುಗಪ್ಪ ಒಬ್ಬ ಹುಡುಗನನ್ನು ಬದಲಾಯಿಸಿದರು. ಹೊರಹೋಗುವವನು ಹತ್ತಿರದ ಗೆರೆ ದಾಟಬೇಕೆಂಬುದು ನಿಯಮ. ಇವನು ಇಡೀ ಮೈದಾನ ಅಡ್ಡ ದಾಟಿ ಶಾಮಿಯಾನದ ಕಡೆ ನಡೆದ. ಅಲ್ಲಿ ಮುಂದಿನ ಸಾಲಿನ ಕುರ್ಚಿಗಳನ್ನು ಗೆರೆಯ ಒಳಗೇ ಹಾಕಿದ್ದಾರೆ. ಹುಡುಗ ಆ ಸಾಲಿನ ಹಿರಿಯರಿಗೆ ಒಬ್ಬೊಬ್ಬರಿಗೂ ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡುತ್ತ ಹೋದ. ಒಬ್ಬ ಅಜ್ಜ ಅವನ ತಲೆಯ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಅವನು ಹೊರಗೆ ಹೋಗದೆ ಇನ್ನೊಬ್ಬ ಒಳಗೆ ಬರುವಂತಿಲ್ಲ, ಆಟ ಶುರುವಾಗುವಂತಿಲ್ಲ. ಓಡಿಹೋಗಿ ಹಳದಿ ಕಾರ್ಡು ತೋರಿಸಿದೆ.

"ಕಾಲಿಗೆ ಬಿದ್ರೂ ಕಾರ್ಡಾ?" ಅಂತ ಹಿಂದಿನಿಂದ ಯಾರೋ ಕೂಗಿದರು. "ಮನ್ಯಾಗೆ ಇದನ್ನೆಲ್ಲ ಕಲಿಸಿಲ್ಲೇನೋ ಈಕೆಗೆ."

ಬಲಗೈ ವಾಚು ಹೇಳಿದಷ್ಟೂ ಸೇರಿಸಿದೆ. ಆದರೂ ಟೌನ್ ಗೆದ್ದಿತು. ಹನುಮೇಶ್ ಸಾರ್, ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ನನ್ನ ಲೈನ್ಸ್‌ಮನ್, ಬಾವುಟ ಸುತ್ತಿಡುತ್ತ ಹೇಳಿದರು: "ಸರಿಯಾಗೇ ಮಾಡಿದೆ ಕಣಮ್ಮ. ಸ್ವಲ್ಪ ನಗ್ತಾ ಮಾಡು."

ನಾನು ಯಾಕೆ ನಗಬೇಕು? ನಗು ಅಂತ ಇವರಿಗೆ ಹೇಳಿಕಳಿಸಿದವರು ಯಾರು?

ಜನವರಿ 12, ಸೋಮವಾರ

ನಾನು ದುಡಿಯುವ ಡಿ.ಟಿ.ಪಿ. ಅಂಗಡಿಯಲ್ಲಿ ಮದುವೆ ಪತ್ರಿಕೆಗಳ ಕೆಲಸ. ಮಧ್ಯಾಹ್ನ ಊಟದ ಹೊತ್ತಲ್ಲಿ ಆಟದ ನಿಯಮಗಳ ಪುಸ್ತಕ ಮತ್ತೆ ಓದಿದೆ. ಯಾವ ಯಾವ ಕಾರಣಕ್ಕೆ ಹೋದ ಹೊತ್ತನ್ನು ಸೇರಿಸಬೇಕೆಂದು ಸಾಲಾಗಿ ಹೇಳಿ ಕೊನೆಯಲ್ಲಿ "ಇತರ ಯಾವುದೇ ಕಾರಣ" ಅಂದಿದ್ದಾರೆ. ಬರೆದವರು ನಮ್ಮ ಜಿಲ್ಲೆಗೆ ಬಂದು ಹೋಗಿರಬೇಕು.

ಚಿತ್ರದುರ್ಗದಲ್ಲಿ ಕಾಲೇಜಿಗೆ ಹೋಗುವಾಗ ಬಸ್ ಸ್ಟ್ಯಾಂಡಿನ ಎದುರು ಒಬ್ಬರು ಹಾಳೆ ಹಾಸಿ ಕಿರುಪುಸ್ತಿಕೆ ಮಾರುತ್ತಿದ್ದರು. ಅವುಗಳಲ್ಲೊಂದರಲ್ಲಿ ಇದ್ದ ಮಾತು: ಇನ್ನೊಬ್ಬರನ್ನು ಕಾಯಿಸುವುದೇ ಅಧಿಕಾರದ ಮೊದಲ ಕಸುಬು. ಓದಿದ ತಕ್ಷಣ ಅವ್ವ ಕಣ್ಣಮುಂದೆ ಬಂದಳು. ಅವ್ವ ಜವನಗೊಂಡನಹಳ್ಳಿಯ ಆಚೆ ನಮ್ಮ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳು ಬಾಗಿಲ ಹೊರಗೆ ನಿಂತು ಕಾಯದ ಕಚೇರಿ ಇಲ್ಲ. ಕಾಯುವವರ ಪರ ನಿಲ್ಲುವುದೆಂದು ನಾನು ಆಗಲೇ ತೀರ್ಮಾನ ಮಾಡಿದ್ದೆ.

ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ಮಾರ್ಚಿನಲ್ಲಿ ರಾಜ್ಯಮಟ್ಟದ ರೆಫರಿ ಪರೀಕ್ಷೆ ಇದೆ. ಅದಕ್ಕೆ ಕೂರಬೇಕಾದರೆ ಈ ಟೂರ್ನಿಯ ಸಮಿತಿ ಅಧ್ಯಕ್ಷರು ಜಿಲ್ಲಾ ಸಂಸ್ಥೆಗೆ ಒಂದು ಮಾತು ಹೇಳಬೇಕು. ಅಂದರೆ ಮುರುಗಪ್ಪ. ಇದನ್ನು ಅವರೂ ಬಲ್ಲರು.

ಇನ್ನೊಂದು. ನಮ್ಮ ಮೈದಾನಕ್ಕೆ ದೀಪಗಳಿಲ್ಲ. ಬೆಳಕು ಹೋದರೆ ಆಟ ಅಲ್ಲಿಗೇ ಮುಗಿಯಿತು, ಆಗ ಇರುವ ಗೋಲೇ ಲೆಕ್ಕ ಎಂದು ಸಮಿತಿ ಬರೆದಿದೆ. ಬೆಳಕು ಹೋಯಿತೋ ಇಲ್ಲವೋ ಎಂದು ಹೇಳುವವಳು ರೆಫರಿ. ಆಟ ತಡವಾಗಿ ಶುರುವಾದಷ್ಟೂ, ನಡುವೆ ನಿಂತಷ್ಟೂ ಮುಂದಿರುವ ತಂಡಕ್ಕೆ ಲಾಭ. ಆಟಕ್ಕೆ ಮುಂಚೆ ಮುರುಗಪ್ಪನವರು ಮಾಡುವ ಭಾಷಣ ಅಷ್ಟು ಉದ್ದ ಇರುವುದು ಸುಮ್ಮನೆ ಅಲ್ಲ.

ಜನವರಿ 18, ಭಾನುವಾರ

ಯಲ್ಲದಕೆರೆ ತಂಡ ಇವತ್ತು ಹೊಸದುರ್ಗದ ಮೇಲೆ ಆಡಿತು. ಹುಡುಗರು ಈರುಳ್ಳಿ ಸಾಗಿಸುವ ಟೆಂಪೋದಲ್ಲಿ ನಿಂತುಕೊಂಡು ಬಂದರು. ಗಾರೆ ಕೆಲಸದವರು, ಇಟ್ಟಿಗೆ ಹೊರುವವರು. ಗೋಲ್‌ಕೀಪರ್ ವಿನೋದ್ ಹೊಲಗಳಿಗೆ ಔಷಧಿ ಸ್ಪ್ರೇ ಹೊಡೆಯುವ ಕೆಲಸ ಮಾಡುತ್ತಾನೆ. ಕೈಗವಸು ಕೂಡ ಅದೇ ಕೆಲಸದ್ದು.

ಎರಡನೇ ಅರ್ಧದಲ್ಲಿ ಒಂದು ಗೋಲು ಮುಂದಿದ್ದಾಗ ಯಲ್ಲದಕೆರೆಯವರು ಆಟಗಾರನನ್ನು ಬದಲಾಯಿಸಿದರು. ಹೊರಗೆ ಬಂದವನು ಗೆರೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಬೂಟು ಬಿಚ್ಚತೊಡಗಿದ. ಒಳಗೆ ಹೋಗಬೇಕಾದವನು ಬರಿಗಾಲಲ್ಲಿ ನಿಂತಿದ್ದ. ಇಬ್ಬರಿಗೂ ಒಂದೇ ಜೋಡಿ. ಲೇಸು ಗಂಟುಬಿದ್ದು ಬಿಚ್ಚಲು ಬರಲಿಲ್ಲ, ಒಬ್ಬ ಹಲ್ಲಿನಿಂದ ಕಚ್ಚಿ ಎಳೆದ. ಬೂಟಿನ ಅಳತೆ ದೊಡ್ಡದಾಗಿ ಒಳಗೆ ಹೋಗುವವನು ಅದರ ತುದಿಗೆ ಬಟ್ಟೆ ತುರುಕಿದ. ಹೊಸದುರ್ಗದವರು ಕೂಗಾಡಿದರು. ಇದು ನಾಟಕ ಅಂತ ನನಗೂ ಅನ್ನಿಸಿತು. ಯಾರನ್ನೂ ಸುಲಭಕ್ಕೆ ನಂಬಬಾರದು.

ವಾಚು ಹೇಳಿದಷ್ಟು ಸೇರಿಸಿದೆ. ಸೇರಿಸಿದ ಹೊತ್ತಿನಲ್ಲೇ ಹೊಸದುರ್ಗ ಸಮ ಮಾಡಿತು.

ಆಟ ಮುಗಿದ ಮೇಲೆ ವಿನೋದ್ ಬಂದು ಎದುರು ನಿಂತ. ಕೂಗಾಡುತ್ತಾನೆ ಅಂದುಕೊಂಡೆ.

"ಮೇಡಂ, ನಾವೇನು ಬೇಕಂತ ಮಾಡಿಲ್ಲ. ಇನ್ನೊಂದು ಜೊತೆ ಬೂಟಿದ್ರೆ ಹಂಗ್ಯಾಕೆ ಕುಂತ್ಕಂತಿದ್ವಿ, ನೀವೇ ಹೇಳ್ರಿ."

"ಕಾರಣ ಏನೇ ಇರಲಿ, ಹೋದ ಹೊತ್ತು ಸೇರಿಸಲೇಬೇಕು," ಅಂದೆ.

"ಸೇರಿಸ್ರಿ. ಇದ್ದೋರಿಗೆ ಎಲ್ಲಾನೂ ಸೇರ್ತಾ ಹೋಗ್ತೈತೆ."

ಟೆಂಪೋ ಹತ್ತಿ ಹೋದರು. ಕೋಣೆಗೆ ಬಂದು ಊಟ ಮಾಡಲಾಗಲಿಲ್ಲ. ಇದ್ದೋರಿಗೆ ಎಲ್ಲಾನೂ ಸೇರ್ತಾ ಹೋಗ್ತೈತೆ. ಯಾವ ಪುಸ್ತಿಕೆಯನ್ನೂ ಓದದೆ ಅವನು ಇದನ್ನು ಹೇಳಿದ.

ಜನವರಿ 20, ಮಂಗಳವಾರ

ಸಮಿತಿಯ ಸಭೆ ಮುರುಗಪ್ಪನವರ ಅಂಗಡಿಯಲ್ಲೇ. ನಾನು ಹೋಗುವಷ್ಟರಲ್ಲಿ ಹನುಮೇಶ್ ಸಾರ್ ಅಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನನ್ನನ್ನು ನೋಡಿ ಇಬ್ಬರೂ ಮಾತು ನಿಲ್ಲಿಸಿದರು. ಇದನ್ನು ಗುರುತು ಮಾಡಿಕೊಂಡೆ.

ಶಾಮಿಯಾನದ ಕುರ್ಚಿಗಳನ್ನು ಗೆರೆಯ ಹಿಂದೆ ಹಾಕಿಸಬೇಕು, ಆಟ ನಡೆಯುವಾಗ ಮೈಕು ಬೇಡ ಅಂದೆ.

"ಕುಂತ್ಕಳಮ್ಮ ಮೊದಲು," ಅಂದರು ಮುರುಗಪ್ಪ. "ಕುರ್ಚಿ ಹಿಂದಕ್ಕೆ ಹಾಕ್ಸಾಣ. ಮೈಕು ಬ್ಯಾಡ ಅಂದ್ರೆ ಹೆಂಗೆ? ದೊಡ್ಡೋರು ಬರ್ತಾರೆ, ಒಂದು ಶಾಲು ಹೊದಿಸ್ಬೇಕಾಗ್ತೈತೆ. ಶಾಲು ಹೊದಿಸ್ದೆ ಕಳ್ಸಿದ್ರೆ ಮುಂದಿನ ಸಲ ಯಾರು ಬರ್ತಾರೆ?"

"ಆಟ ಮುಗಿದ ಮೇಲೆ ಹೊದಿಸಿ."

"ಮುಗಿಯೋತನ ಯಾರು ಕುಂತ್ಕಂತಾರೆ? ಅವರಿಗೆ ಇನ್ನೂ ಎರಡು ಮದುವೆ, ಒಂದು ಗೃಹಪ್ರವೇಶ ಇರ್ತೈತೆ."

ಹನುಮೇಶ್ ಸಾರ್ ನಕ್ಕರು. ಯಾರ ಕಡೆಗೆ ನಕ್ಕರು? ಪಂದ್ಯದಲ್ಲಿ ಅವರೂ ಒಂದು ವಾಚು ಒತ್ತುತ್ತಿರುತ್ತಾರೆ. ಲೈನ್ಸ್‌ಮನ್‌ಗೆ ಅದರ ಕೆಲಸವೇನು? ನನ್ನ ಲೆಕ್ಕ ತಪ್ಪಿದರೆ ಯಾರಿಗೋ ಹೇಳುವುದಕ್ಕೆ ಇರಬೇಕು.

ಜನವರಿ 25, ಭಾನುವಾರ

ನಾನು ಹೇಳಿದ್ದೇ ಆಯಿತು.

ಸೆಮಿಫೈನಲ್, ಟೌನ್‌ಗೂ ಹೊಸದುರ್ಗಕ್ಕೂ. ಟೌನ್ ಒಂದು ಗೋಲು ಮುಂದೆ. ಹೊಸದುರ್ಗದವರು ಮೇಲಿಂದ ಮೇಲೆ ನುಗ್ಗುತ್ತಿದ್ದರು. ಚೆಂಡು ಹೊರಗೆ ಹೋದ ಕ್ಷಣ ಮೈಕು ಮಾತಾಡಿತು. "ಆತ್ಮೀಯ ಕ್ರೀಡಾಭಿಮಾನಿಗಳೇ, ನಮ್ಮ ನಡುವೆ ಇದೀಗ ತಾನೇ ಆಗಮಿಸಿರುವ..." ಬಂದವರು ಮುರುಗಪ್ಪನವರ ಬೀಗರು, ನಿವೃತ್ತ ಹೆಡ್‌ಮೇಷ್ಟ್ರು. ಅವರು ಆಗಮಿಸಿ ಬಹಳ ಹೊತ್ತಾಗಿತ್ತು. ಮೊದಲ ಅರ್ಧದಲ್ಲೇ ಕಡಲೆಕಾಯಿ ತಿನ್ನುತ್ತಿದ್ದದ್ದನ್ನು ನಾನು ಕಂಡಿದ್ದೇನೆ.

ಸನ್ಮಾನ ಶಾಮಿಯಾನದಲ್ಲಿ ನಡೆಯಲಿಲ್ಲ. ಅವರನ್ನು ಮೈದಾನದ ನಡುವಿನ ವೃತ್ತಕ್ಕೆ ಕೈಹಿಡಿದು ಕರೆತಂದರು. ಶಾಲು, ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ. ಪೇಟ ತಲೆಗೆ ಸಣ್ಣದಾಯಿತು, ಇನ್ನೊಂದಕ್ಕೆ ಬೈಕಿನಲ್ಲಿ ಹುಡುಗನನ್ನು ಕಳಿಸಿದರು. ಫೋಟೊದವನು ಎರಡೂ ತಂಡದವರನ್ನು ಹಿಂದೆ ಸಾಲಾಗಿ ನಿಲ್ಲಿಸಿದ. ಹೊಸದುರ್ಗದ ಹುಡುಗರು ಕೂಡ ಅಂಗಿ ಸರಿಮಾಡಿಕೊಂಡು ನಿಂತರು. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು. ತಮ್ಮ ಹೊತ್ತನ್ನು ಕದಿಯುವವರ ಫೋಟೊದಲ್ಲಿ ತಾವೇ ನಗುತ್ತ ನಿಂತಿದ್ದಾರೆ. ಹೆಡ್‌ಮೇಷ್ಟ್ರು ಮೈಕು ತೆಗೆದುಕೊಂಡು ತಮ್ಮ ಕಾಲದಲ್ಲಿ ವಾಲಿಬಾಲ್ ಹೇಗಿತ್ತೆಂದು ಹೇಳಿದರು.

ಹಳದಿ ಕಾರ್ಡು ಯಾರಿಗೆ ತೋರಿಸುವುದು? ಶಾಲು ಹೊದ್ದವರಿಗೆ ನಿಯಮವಿಲ್ಲ. ನಾನು ಬಲಗೈ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ವಾಚು ಒತ್ತಿ ನಿಂತೆ.

ಹನ್ನೊಂದು ನಿಮಿಷ ಸೇರಿಸಿದೆ. ಶಾಮಿಯಾನ ಎದ್ದು ನಿಂತು ಬೊಬ್ಬೆ ಹಾಕಿತು. ಕಲ್ಲು ಬೀಳುತ್ತದೆ ಅಂದುಕೊಂಡೆ, ನಿಂಬೆಹಣ್ಣಿನ ಸಿಪ್ಪೆ ಬಿತ್ತು. ಟೌನ್ ಹುಡುಗರು ಆ ಹನ್ನೊಂದು ನಿಮಿಷವನ್ನೂ ತಡೆದು ಗೆದ್ದರು. ಕ್ಯಾಪ್ಟನ್ ರಾಜಶೇಖರ್ ನನ್ನ ಮುಖ ನೋಡದೆ ಕೈ ಕುಲುಕಿದ.

ಮುರುಗಪ್ಪ ಮಾತ್ರ ನಗುತ್ತಿದ್ದರು. ಮೈಕಿನಲ್ಲೇ ಹೇಳಿದರು: "ನಾನೊಂದು ಶಾಲು ಹೊದಿಸಿದ್ರೆ ಈ ಹುಡುಗಿ ಅದನ್ನ ದಾರ ದಾರ ಬಿಡಿಸಿ ವಾಪಸ್ ಇಸ್ಕೊಂಡ್ಲು ನೋಡ್ರಪ್ಪ." ಜನ ನಕ್ಕರು. ನನ್ನನ್ನು ಜನರ ಮುಂದೆ ಚಿಕ್ಕವಳನ್ನಾಗಿ ಮಾಡಲು ಹೇಳಿದ್ದು. ಮೆಚ್ಚಿದ ಹಾಗೆ ಕೇಳಿಸುವ ಮಾತಿಗೆ ಹೆಚ್ಚು ಹೆದರಬೇಕು.

ಫೆಬ್ರವರಿ 1, ಭಾನುವಾರ

ಎರಡನೇ ಸೆಮಿಫೈನಲ್. ಯಲ್ಲದಕೆರೆ ಹೊಳಲ್ಕೆರೆಯನ್ನು ಸೋಲಿಸಿ ಫೈನಲ್‌ಗೆ ಬಂತು. ಒಂದಕ್ಕೆ ಎರಡು.

ಇವತ್ತೂ ಬೂಟು ಬಿಚ್ಚಿ ಹಾಕಿದರು, ಮೂರು ಸಲ. ಇದರ ಬಗ್ಗೆ ಈ ಎರಡು ವಾರ ಬಹಳ ಯೋಚಿಸಿದ್ದೇನೆ. ಕಾಲಹರಣ ಅಂದರೆ ಹೊತ್ತು ಇರುವವರು ಮಾಡುವ ಕೆಲಸ. ಬೂಟಿಲ್ಲದವನು ಬೂಟಿಗಾಗಿ ಕಾಯುವುದು ಕಾಲಹರಣ ಹೇಗಾದೀತು? ಅದು ಅವನಿಂದ ಮೊದಲೇ ಕದ್ದದ್ದು. ಅದನ್ನು ಇನ್ನೊಮ್ಮೆ ಅವನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಹಾಗಾಗಿ ಬಲಗೈ ವಾಚನ್ನು ಆಗ ಒತ್ತಲಿಲ್ಲ.

ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್ ಕೊಡಬೇಕು. ಹೊಸ ನಿಯಮ. ವಿನೋದ್ ಚೆಂಡು ಹಿಡಿದು ನೆಲಕ್ಕೆ ಬಿದ್ದು ಎದ್ದು, ಕೈಗವಸು ಸರಿ ಮಾಡಿಕೊಂಡು, ಆಮೇಲೆ ಒದೆಯುತ್ತಿದ್ದ. ಹೊಳಲ್ಕೆರೆಯವರು ಬಾಯಲ್ಲೇ ಎಣಿಸುತ್ತಿದ್ದರು, ಬಹಳ ಬೇಗ ಬೇಗ. ನಾನು ಸಮಾಧಾನವಾಗಿ ಎಣಿಸಿದೆ. ಅವನು ಎದ್ದು ನಿಂತ ಮೇಲೆ ಎಣಿಕೆ ಶುರು ಮಾಡುವುದು ನ್ಯಾಯ.

ಹನುಮೇಶ್ ಸಾರ್ ವಿಸಿಲ್ ಆದ ಮೇಲೆ ಬಂದರು. "ಬೂಟಿನ ಹೊತ್ತು ಸೇರಿಸ್ಲಿಲ್ಲಲ್ಲಮ್ಮ?"

"ಅದು ಕಾಲಹರಣ ಅಲ್ಲ ಸಾರ್. ಬಡತನ."

"ಬಡತನ ಹೌದು. ನಾನೂ ಬರಿಗಾಲಾಗೆ ಆಡಿದೋನೆ. ಆದ್ರೆ ಹೊತ್ತು ಹೋದದ್ದು ಹೊಳಲ್ಕೆರೆ ಹುಡುಗರದ್ದೂ ಹೌದಲ್ಲ. ಅವರೇನು ಜಮೀನ್ದಾರರೇನು?"

"ನಿಮ್ಮ ಕೈಯಲ್ಲಿ ವಾಚ್ ಯಾಕಿದೆ ಸಾರ್? ಯಾರಿಗೆ ತೋರಿಸ್ತೀರಿ ಅದನ್ನ?"

ಅವರು ಬಾವುಟ ಸುತ್ತಿ ಕಂಕುಳಿಗೆ ಸೇರಿಸಿದರು. "ನಿನ್ ವಾಚು ನಿಂತು ಹೋದ್ರೆ ಇರ್ಲಿ ಅಂತ ಕಣಮ್ಮ," ಅಂದು ಬೈಕ್ ಹತ್ತಿದರು.

ನಂಬುವ ಮಾತಲ್ಲ. ಫೈನಲ್‌ನಲ್ಲಿ ಟೌನ್ ಆಡುತ್ತದೆ. ಇವರು ಅದಕ್ಕೆ ಈಗಲೇ ನೆಲ ಹದ ಮಾಡುತ್ತಿದ್ದಾರೆ.

ಫೆಬ್ರವರಿ 5, ಗುರುವಾರ

ಹನುಮೇಶ್ ಸಾರ್ ನಮ್ಮ ಅಂಗಡಿಗೆ ಬಂದು, ನಾನಿಲ್ಲದಾಗ, ರೇಣುಕಾಳ ಹತ್ತಿರ ಅವ್ವನ ಫೋನ್ ನಂಬರ್ ಇಸಿದುಕೊಂಡು ಹೋಗಿದ್ದಾರೆ. ರೇಣುಕಾ ನನ್ನ ಜೊತೆ ಕೆಲಸ ಮಾಡುವವಳು. ಕೊಟ್ಟುಬಿಟ್ಟಿದ್ದಾಳೆ. "ಮೇಷ್ಟ್ರು ಕೇಳಿದ್ರೆ ಕೊಡ್ದೆ ಇರಕ್ಕಾಗ್ತೈತಾ?" ಅನ್ನುತ್ತಾಳೆ.

ಅವ್ವನಿಗೆ ಫೋನ್ ಮಾಡಿದೆ. "ಯಾರೂ ಮಾಡಿಲ್ಲ" ಅಂದಳು. ಸುಳ್ಳು ಹೇಳುವಾಗ ಅವ್ವನ ದನಿ ತೆಳ್ಳಗಾಗುತ್ತದೆ. ಇವತ್ತು ತೆಳ್ಳಗಿತ್ತು.

ನನ್ನನ್ನು ಬಗ್ಗಿಸಲು ಆಗದೆ ಅವ್ವನ ಮೂಲಕ ಬರುತ್ತಿದ್ದಾರೆ. ಅವ್ವ ನನ್ನ ಆಟ ಒಂದು ದಿನವೂ ನೋಡಿದವಳಲ್ಲ. ಗಂಡು ಹುಡುಗರ ನಡುವೆ ಸೀಟಿ ಊದಿಕೊಂಡು ಓಡುವುದು ಯಾವ ಕೆಲಸ ಅಂತ ಎರಡು ವರ್ಷ ಮಾತು ಬಿಟ್ಟಿದ್ದಳು. ಬಡವರಿಗೆ ಏನು ಆಸೆ ತೋರಿಸಿದರೂ ಆಗುತ್ತದೆ ಎಂದು ಇವರ ಎಣಿಕೆ.

ಫೆಬ್ರವರಿ 8, ಭಾನುವಾರ

ಮುಗಿಯಿತು. ಎಲ್ಲವನ್ನೂ ಇದ್ದ ಹಾಗೆ ಬರೆಯುತ್ತೇನೆ. ನಾಳೆ ಯಾರಾದರೂ ಬೇರೆ ಥರ ಹೇಳಿದರೆ ನನಗೆ ನೆನಪಿರಬೇಕು.

ಫೈನಲ್, ಟೌನ್‌ಗೂ ಯಲ್ಲದಕೆರೆಗೂ. ಭಾಷಣಗಳಿಂದಾಗಿ ಐದಕ್ಕೆ ಶುರು, ನಮ್ಮ ಟೂರ್ನಿಯಲ್ಲಿ ಅರ್ಧಕ್ಕೆ ಮೂವತ್ತೇ ನಿಮಿಷ. ಎರಡನೇ ಅರ್ಧದಲ್ಲಿ ಯಲ್ಲದಕೆರೆ ಗೋಲು ಹೊಡೆಯಿತು. ಆಮೇಲೆ ಟೌನ್ ಬಿಡಲಿಲ್ಲ. ರಾಜಶೇಖರ್ ಹೊಡೆದ ಒಂದು ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು, ಇನ್ನೊಂದನ್ನು ವಿನೋದ್ ಬೆರಳ ತುದಿಯಿಂದ ಮೇಲಕ್ಕೆ ತಳ್ಳಿದ. ಕೊನೆಯ ಹತ್ತು ನಿಮಿಷ ಇರುವಾಗ ಚೆಂಡು ಹೊರಗೆ ಹೋಯಿತು. ಮೈಕು ಮಾತಾಡಿತು.

"ಒಂದು ನಿಮಿಷ ಎಲ್ರೂ ನಿಂತ್ಕಳ್ರಿ. ಇವತ್ತು ನಾವು ಸನ್ಮಾನ ಮಾಡ್ತಿರೋದು ಯಾವ ದೊಡ್ಡೋರಿಗೂ ಅಲ್ಲ. ನಮ್ಮ ತಾಲ್ಲೂಕಿನ ಮೊದಲನೇ ಹೆಣ್ಣುಮಗಳು ರೆಫರಿ, ಅನುಪಮಾ ಅವರಿಗೆ. ಶಾಲು ಹೊದಿಸೋರು ಅವರ ತಾಯಿ, ತಿಪ್ಪಮ್ಮನೋರು."

ಶಾಮಿಯಾನದ ಹಿಂದಿನಿಂದ ಅವ್ವ ಬಂದಳು. ಮದುವೆ ಮನೆಗೆ ಉಡುವ ಹಸಿರು ಸೀರೆ. ಚಪ್ಪಲಿಯನ್ನು ಗೆರೆಯ ಹೊರಗೆ ಬಿಟ್ಟು, ಬರಿಗಾಲಲ್ಲಿ ಹುಲ್ಲಿನ ಮೇಲೆ ಕಾಲಿಟ್ಟಳು. ಎರಡು ಕೈಯಲ್ಲಿ ಶಾಲು ಹಿಡಿದಿದ್ದಳು, ಹಾಲಿನ ಪಾತ್ರೆ ಹಿಡಿದ ಹಾಗೆ.

ರಾಜಶೇಖರ್ ಗೆರೆಯ ಹತ್ತಿರ ಓಡಿದ. "ಅಣ್ಣಾ, ಈಗ ಬ್ಯಾಡ. ಸೋಲ್ತಾ ಇದೀವಿ, ಹೊತ್ತು ಮುಣುಗ್ತಾ ಐತೆ." ಮುರುಗಪ್ಪ ಮೈಕಿಗೆ ಅಂಗೈ ಮುಚ್ಚಿ ಅವನಿಗೇನೋ ಹೇಳಿದರು. ನನಗೆ ಕೇಳಲಿಲ್ಲ. ಅವನು ತನ್ನ ಜಾಗಕ್ಕೆ ವಾಪಸ್ ನಡೆದ.

ಆಗಲೇ ನನಗೆ ಅರ್ಥವಾಯಿತು. ಇದು ಬೇರೆಯದೇ ಬಲೆ. ಶಾಲು ಹೊದಿಸಿ, ಅವ್ವನನ್ನು ಎದುರಿಗಿಟ್ಟು, ಆ ಋಣಕ್ಕೆ ನಾನು ಒಂದು ಪೆನಾಲ್ಟಿಯನ್ನೋ ಇನ್ನಷ್ಟು ಹೊತ್ತನ್ನೋ ಕೊಡುತ್ತೇನೆಂದು ಕಾದಿದ್ದಾರೆ. ಶಾಲನ್ನು ಬೇಡ ಅನ್ನುವ ಹಾಗಿಲ್ಲ, ಅವ್ವ ಅಷ್ಟು ಜನರ ನಡುವೆ ನಿಂತಿದ್ದಾಳೆ. ತೆಗೆದುಕೊಳ್ಳುತ್ತೇನೆ, ಆದರೆ ಬೆಲೆ ಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಬಲಗೈ ವಾಚು ಒತ್ತಲಿಲ್ಲ.

ಅವ್ವ ಶಾಲು ಹೊದಿಸಿದಳು. ಹಾರಕ್ಕೆ ನನ್ನ ಸೀಟಿಯ ದಾರ ಸಿಕ್ಕಿಕೊಂಡಿತು, ಬಿಡಿಸಲು ಹೊತ್ತಾಯಿತು. ನಾನು ಅವಸರ ಮಾಡಲಿಲ್ಲ, ಹೂ ಉದುರಬಾರದಲ್ಲ. ಫೋಟೊದವನು ಇನ್ನೊಂದು ಅಂದಾಗ ಇನ್ನೊಂದಕ್ಕೆ ನಿಂತೆ. ಎರಡು ಮಾತು ಹೇಳ್ರಿ ಅಂತ ಅವ್ವನ ಕೈಗೆ ಮೈಕು ಕೊಟ್ಟರು. ಅವಳು ಬೇಡ ಅಂದಳು. ಹೇಳವ್ವ ಅಂತ ನಾನೇ ಅಂದೆ.

"ನಂಗೆ ಈ ಆಟ ಗೊತ್ತಿಲ್ಲ," ಅಂದಳು ಅವ್ವ. ಅವಳ ದನಿ ಕಂಬಕ್ಕೆ ಕಟ್ಟಿದ ಸ್ಪೀಕರಿನಿಂದ ಬಂದಾಗ ಅವಳೇ ಬೆಚ್ಚಿ ಮೈಕನ್ನು ದೂರ ಹಿಡಿದಳು. "ಇವಳು ಸಣ್ಣೋಳಿದ್ದಾಗ ಇಸ್ಕೂಲಾಗೆ ಮಕ್ಳಿಗೆ ಕಡಲೆಮಿಠಾಯಿ ಮುರ್ದು ಹಂಚೋಕೆ ಇವಳ ಕೈಗೇ ಕೊಡ್ತಿದ್ದೆ. ಎಲ್ರಿಗೂ ಒಂದೇ ಸಮ ಮುರೀತಿದ್ಲು. ಪುಡಿ ಉಳಿದ್ರೆ ತಾನು ತಿಂತಿದ್ಲು. ಅಷ್ಟೇಯ ನಂಗೆ ಗೊತ್ತಿರೋದು."

ಜನ ಚಪ್ಪಾಳೆ ಹೊಡೆದರು. ಎರಡೂ ತಂಡದವರು ಹೊಡೆದರು. ವಿನೋದ್ ತನ್ನ ಗೋಲ್ ಕಂಬಕ್ಕೆ ಒರಗಿ ನೀರು ಕುಡಿಯುತ್ತಿದ್ದ.

ಮತ್ತೆ ಆಟ ಶುರುವಾದಾಗ ಎಡಗೈ ವಾಚಿನಲ್ಲಿ ಇನ್ನು ಚೂರೇ ಹೊತ್ತು ಉಳಿದಿತ್ತು. ಅಷ್ಟರಲ್ಲಿ ಟೌನ್‌ಗೆ ಒಂದು ಕಾರ್ನರ್ ಸಿಕ್ಕಿತು, ಅದು ಹೊರಗೆ ಹೋಯಿತು. ವಿಸಿಲ್ ಊದಿದೆ.

"ಮೇಡಂ, ಶಾಲಿಂದು?" ಅಂತ ಓಡಿಬಂದ ರಾಜಶೇಖರ್. "ಶಾಲಿನ ಟೈಮು ಸೇರಿಸ್ಬೇಕಲ್ವಾ?"

"ಬೆಳಕು ಹೋಯಿತು. ಸಮಿತಿಯ ನಿಯಮ."

ಅವನು ಆಕಾಶ ನೋಡಿದ, ನನ್ನ ಮುಖ ನೋಡಿದ. ಜಗಳ ಮಾಡಲಿಲ್ಲ. ಆ ಕಡೆ ಗೆರೆಯಲ್ಲಿ ಹನುಮೇಶ್ ಸಾರ್ ಬಾವುಟ ಕೆಳಗಿಳಿಸಿ, ವಾಚಿನ ಕೈ ಅರ್ಧ ಎತ್ತಿ ನಿಂತಿದ್ದರು. ನಾನು ಆ ಕಡೆ ಹೋಗಲಿಲ್ಲ.

ಯಲ್ಲದಕೆರೆಯ ಹುಡುಗರು ಕಪ್ ಎತ್ತಿಕೊಂಡು ಮೈದಾನ ಸುತ್ತಿದರು. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಎಲ್ಲರೂ ಸೇರಿ ತೆಗೆಸಿಕೊಂಡ ಫೋಟೊವನ್ನು ಈಗಷ್ಟೇ ರೇಣುಕಾ ಕಳಿಸಿದಳು. ಚೆನ್ನಾಗಿ ಬಂದಿದೆ. ಹಿಂದಿನ ಬ್ಯಾನರಿನ ಸಣ್ಣ ಅಕ್ಷರ ಕೂಡ ಓದಲು ಬರುತ್ತದೆ.

ಬಹುಮಾನದ ಹೊತ್ತಿಗೆ ಅವ್ವ ಅಲ್ಲಿರಲಿಲ್ಲ. ಹೇಳದೆ ಹೋಗಿದ್ದಳು.

ಫೆಬ್ರವರಿ 9, ಸೋಮವಾರ

ಬೆಳಿಗ್ಗೆ ಅವ್ವನ ಫೋನು. ಶಾಲನ್ನು ಮಡಿಸಿ ಇಡು, ನುಸಿ ಹಿಡಿದೀತು, ಕಹಿಬೇವಿನ ಎಲೆ ಹಾಕು ಅಂದಳು. ಹಾಕಿದ್ದೇನೆ ಅಂದೆ. ಹಾಕಿರಲಿಲ್ಲ.

"ಒಂದು ಕೇಳ್ಲೇನೆ?" ಅಂದಳು. "ನಾನು ಶಾಲು ಹೊದಿಸ್ವಾಗ ನೀನು ನನ್ ಮಖ ನೋಡ್ಲಿಲ್ಲ. ಮ್ಯಾಲೆ ನೋಡ್ತಿದ್ದೆ. ಮಾತಾಡ್ವಾಗ್ಲೂ ಮ್ಯಾಲೇ ನೋಡ್ತಿದ್ದೆ. ನಾನು ಬಂದಿದ್ದು ಇಷ್ಟ ಆಗ್ಲಿಲ್ವಾ?"

"ಹೊತ್ತೆಷ್ಟಾಯ್ತು ಅಂತ ನೋಡ್ತಿದ್ದೆ ಅವ್ವ."

"ಹೊತ್ತು ನೋಡಾಕೆ ಎರಡು ಕೈಗೂ ಗಡಿಯಾರ ಕಟ್ಟಿದ್ದೆಲ್ಲೇ."

ಅನ್ನಕ್ಕೆ ಇಟ್ಟಿದ್ದೇನೆ ಅಂತ ಫೋನ್ ಇಟ್ಟಳು.

ನಿಯಮದ ಪುಸ್ತಕ ತೆಗೆದೆ. ಪಂದ್ಯ ಮುಗಿಸಿ ರೆಫರಿ ಮೈದಾನ ಬಿಟ್ಟ ಮೇಲೆ ತೀರ್ಪು ಬದಲಾಯಿಸುವಂತಿಲ್ಲ ಎಂದು ಸ್ಪಷ್ಟವಾಗಿದೆ. ಎಲ್ಲವೂ ನಿಯಮದಂತೆ ಇದೆ. ಎರಡು ಸಲ ಓದಿದೆ.

ಒಂದು ಸಣ್ಣ ವಿಷಯ ಮಾತ್ರ ಹೊಂದುತ್ತಿಲ್ಲ. ಸೋಲುತ್ತಿದ್ದ ತಂಡದ ಯಜಮಾನ, ಬೆಳಕು ಹೋಗುತ್ತಿರುವಾಗ, ತನ್ನ ಹುಡುಗರು ನುಗ್ಗುತ್ತಿರುವಾಗ, ಆಟವನ್ನು ಯಾಕೆ ನಿಲ್ಲಿಸಿದ? ಇದರಲ್ಲಿ ಅವನಿಗೆ ಏನೋ ಇರಲೇಬೇಕು. ಅದನ್ನು ಪತ್ತೆ ಮಾಡುತ್ತೇನೆ.

ಫೆಬ್ರವರಿ 10, ಮಂಗಳವಾರ

ಸಂಜೆ ಮುರುಗಪ್ಪನವರ ಅಂಗಡಿಗೆ ಹೋದೆ. ಲಾರಿಯಿಂದ ಮೂಟೆ ಇಳಿಸುತ್ತಿದ್ದರು. ಅವರ ಹುಬ್ಬಿನ ಮೇಲೂ ಸಿಮೆಂಟಿನ ಧೂಳು ಕೂತಿತ್ತು.

"ಬಾ ತಾಯಿ, ಕುಂತ್ಕ. ನಿನ್ನ ವಿಚಾರಕ್ಕೇ ದುರ್ಗಕ್ಕೆ ಫೋನ್ ಮಾಡ್ಬೇಕು ಅಂತಿದ್ದೆ," ಅಂದರು. ಒಳಗೆ ಕೂಗಿ ಚಹಾ ತರಿಸಿದರು.

ನಾನು ಕೂರಲಿಲ್ಲ. "ಸಾರ್, ಭಾನುವಾರ ನಿಮ್ಮ ತಂಡ ಸೋಲ್ತಿತ್ತು. ಆಗ ಯಾಕೆ ಆಟ ನಿಲ್ಲಿಸಿದ್ರಿ?"

"ಅದಾ. ನಿಮ್ಮವ್ವನಿಗೆ ಹೊತ್ತಾಗಿತ್ತು ಕಣಮ್ಮ. ಜವನಗೊಂಡನಹಳ್ಳಿಯಿಂದ ನಿಮ್ಮೂರಿಗೆ ಕೊನೆ ಆಟೋ ಏಳಕ್ಕಂತೆ. ಆಟ ಮುಗಿಯೋತನ ಇದ್ರೆ ಸಿಕ್ಕಲ್ಲ, ನಾನು ಹೊಂಟೆ ಅಂತ ಎದ್ದೇ ಬಿಟ್ರು ಪಾಪ. ಬೆಳಿಗ್ಗೆ ಬಂದೋರು, ಒಂದು ಲೋಟ ನೀರು ಕೇಳಿಲ್ಲ. ಶಾಲು ಹೊದಿಸ್ದೆ ಹೆಂಗೆ ಕಳ್ಸಾದು?"

"ರಾಜಶೇಖರ್‌ಗೆ ಏನು ಹೇಳಿದ್ರಿ? ಮೈಕ್ ಮುಚ್ಚಿಕೊಂಡು."

ಅವರು ಚಹಾವನ್ನು ಸಾಸರಿಗೆ ಸುರಿದು ಊದಿದರು. "ಏನೈತೆ ಹೇಳಾಕೆ? ಹೆದರ್ಕಬ್ಯಾಡ ಕಣ್ಲೇ, ನನ್ ಬೀಗರ ಶಾಲಿಗೇ ಹನ್ನೊಂದು ನಿಮಿಷ ವಾಪಸ್ ಕೊಡ್ಸಿದೋಳು, ತನ್ನ ಶಾಲಿಗೆ ಒಂದು ಸೆಕೆಂಡೂ ಬಿಡಾಕಿಲ್ಲ ಅಂದೆ."

ಹೊರಗೆ ಮೂಟೆ ಬೀಳುತ್ತಲೇ ಇತ್ತು. ಮುರುಗಪ್ಪ ಕನ್ನಡಕ ಹಣೆಗೇರಿಸಿ ಫೋನಿನಲ್ಲಿ ಜಿಲ್ಲಾ ಸಂಸ್ಥೆಯವರ ನಂಬರ್ ಹುಡುಕತೊಡಗಿದರು. ಈ ಹುಡುಗಿಗೆ ಪರೀಕ್ಷೆ ಯಾಕೆ ಬೇಕು, ಸುಮ್ಮನೆ ಪಾಸ್ ಮಾಡ್ರಿ ಅಂತೀನಿ ನೋಡು, ಅಂದರು ನಗುತ್ತ.

ಈ ನಗುವಿನಲ್ಲಿ ಏನಿದೆ ಎಂದು ಹುಡುಕಿದೆ. ಬಹಳ ಹೊತ್ತು ಹುಡುಕಿದೆ. ಧೂಳು ಬಿಟ್ಟರೆ ಏನೂ ಕಾಣಲಿಲ್ಲ.

"ಸೇರಿಸಲಿಲ್ಲ," ಅಂದೆ.

"ಏನು?"

"ಶಾಲಿನ ಹೊತ್ತು. ಒಂದು ನಿಮಿಷವೂ ಸೇರಿಸಲಿಲ್ಲ."

"ಹೌದು, ರಾಜಶೇಖರ ಅಂದ. ಬೆಳಕು ಹೋಗಿತ್ತಲ್ಲ ಬಿಡಮ್ಮ," ಅಂದರು ಅವರು, ಫೋನಿನಿಂದ ಕಣ್ಣು ತೆಗೆಯದೆ. "ಕತ್ತಲಾದ್ರೆ ನೀನೇನು ಮಾಡ್ತೀಯ?"

ನಾನು ಕೊಡಬೇಕೆಂದು ತಂದಿದ್ದ ಉತ್ತರವನ್ನು ಅವರೇ ನನಗೆ ಕೊಟ್ಟರು. ತೆಗೆದುಕೊಂಡು ಬಂದುಬಿಡಬಹುದಿತ್ತು. ಅವರು ನಂಬರ್ ಒತ್ತಿ ಆಗಿತ್ತು, ಆ ಕಡೆ ಫೋನು ರಿಂಗಾಗುವುದು ನನಗೂ ಕೇಳುತ್ತಿತ್ತು.

"ಕತ್ತಲಾಗಿರಲಿಲ್ಲ ಸಾರ್," ಅಂದೆ.

ಮುರುಗಪ್ಪ ತಲೆ ಎತ್ತಿದರು. ಫೋನಿನಲ್ಲಿ ಯಾರೋ ಹಲೋ, ಹಲೋ ಅನ್ನುತ್ತಿದ್ದರು.